ಮನೆಯ ವಯಸ್ಸು ಆಮೇಲೆ, ಮೊದಲು ನೆಲ ನೋಡಿ

ಹಳೆಯ ಮನೆ ಕೊಳ್ಳಬೇಕೋ ಹೊಸದೋ ಎಂದು ಕೇಳಿಕೊಂಡು ಬರುವವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ: ಅದು ನಿಂತಿರುವುದು ಎರೆಯಲ್ಲೋ (ಕಪ್ಪು ಮಣ್ಣು) ಮಸಾರಿಯಲ್ಲೋ (ಕೆಂಪು ಮಣ್ಣು)? ಕೊಪ್ಪಳ ಜಿಲ್ಲೆಯಲ್ಲಿ ಎರಡೂ ಇವೆ. ಯಲಬುರ್ಗಾ ಕಡೆಯ ಎರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲೆ ಎರಡು ಮೂರಡಿ ಪಾಯ ತೆಗೆದು ಕಟ್ಟಿದ ಮನೆಯೂ ನೆಲದ ಜೊತೆಗೇ ಏರಿಳಿಯುತ್ತದೆ. ಇಡೀ ಮನೆ ಒಂದೇ ಸಮ ಏರಿಳಿದರೆ ಚಿಂತೆಯಿಲ್ಲ. ಆದರೆ ಬಚ್ಚಲ ನೀರು ಇಂಗುವ ಮೂಲೆ ಉಬ್ಬಿಕೊಂಡೇ ಇರುತ್ತದೆ, ಪಡುವಣ ಬಿಸಿಲು ಬೀಳುವ ಮೂಲೆ ಕುಸಿಯುತ್ತದೆ. ಗೋಡೆ ಸೀಳುವುದು ಆಗ.

ಹಾಗಾಗಿ ಎರೆಯಲ್ಲಿ ನನ್ನ ಅನುಮಾನ ಹೊಸ ಮನೆಯ ಮೇಲೇ ಹೆಚ್ಚು. ಎರಡು ಮಳೆಗಾಲ ಕಾಣದ ಮನೆ ಇನ್ನೂ ಪರೀಕ್ಷೆಗೇ ಕೂತಿಲ್ಲ. ಸಾಧ್ಯವಾದರೆ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ ಹೋಗಿ ನೋಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕನ್ನು ಹುಡುಕಿ. ಪುಟ್ಟಿ ಬಳಿದು ಬಣ್ಣ ಹೊಡೆದಿದ್ದರೂ, ಟಾರ್ಚನ್ನು ಗೋಡೆಗೆ ತಾಗಿಸಿ ಪಕ್ಕದಿಂದ ಬೆಳಕು ಬಿಟ್ಟರೆ ತೇಪೆ ಎದ್ದು ಕಾಣುತ್ತದೆ. ಬಾಗಿಲಿನ ಮೇಲಂಚನ್ನು ಬಡಗಿ ಹೆರೆದಿದ್ದರೆ ಚೌಕಟ್ಟು ವಾಲಿರಬಹುದು. ಕೂದಲೆಳೆಯಂಥ ಬಿರುಕಿಗೆ ಮಾತ್ರ ಹೆದರಬೇಡಿ. ಗಿಲಾವು ಒಣಗುವಾಗ ಅದು ಸಹಜ.

ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಮನೆಯ ಕಾಯಿಲೆ ಇರುವುದು ನೆತ್ತಿಯಲ್ಲಿ. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ ಏಪ್ರಿಲ್ ಬಿಸಿಲನ್ನು ಒಳಗೆ ಬಿಡುವುದಿಲ್ಲ, ಒಪ್ಪಿದೆ. ಆದರೆ ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಮೇಲೆ ಮತ್ತೆ ಮಣ್ಣು ಹಾಕುತ್ತಾ ಬಂದಿರುತ್ತಾರೆ. ಒಂದಡಿ ಮಣ್ಣಿದ್ದರೆ ಚದರ ಮೀಟರಿಗೆ ಸುಮಾರು 500 ಕಿಲೋ ಭಾರ. ಹೊಸ ಮನೆಯ ಐದು ಇಂಚಿನ ಆರ್‌ಸಿಸಿ ಸ್ಲ್ಯಾಬೇ ಅಷ್ಟು ಜಾಗಕ್ಕೆ 320 ಕಿಲೋದ ಆಸುಪಾಸು. ಮಣ್ಣಿನ ಇಷ್ಟು ಭಾರವನ್ನೂ ಹೊತ್ತಿರುವುದು ಮರದ ತೊಲೆ, ಜಂತಿಗಳು. ಅವು ನಡುವೆ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಹೊಕ್ಕ ತುದಿ ಕೊಳೆತಿರಬಹುದು. ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿ. ಸಲೀಸಾಗಿ ಇಳಿದರೆ ಮಾಳಿಗೆಯನ್ನೇ ಇಳಿಸುವ ಖರ್ಚು ಲೆಕ್ಕ ಹಾಕಿ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿಸಿ ಹೊಸದರಂತೆ ತೋರಿಸಿದ್ದರೆ ಇನ್ನಷ್ಟು ಎಚ್ಚರ ಬೇಕು: ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗೋಡೆ ಒಳಗೊಳಗೇ ಸಡಿಲವಾಗುತ್ತದೆ. ಅಂಥ ಗೋಡೆಗೆ ಸುಣ್ಣವೇ ಸರಿ.

ಕಾಗದಪತ್ರ ವಕೀಲರ ಕೆಲಸ. ಆದರೂ ಒಂದು ಮಾತು: ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಗಂಗಾವತಿಗೆ ಮದುವೆಯಾಗಿ ಹೋದ, ಮಾರುವವರ ಅಕ್ಕನ ಸಹಿ ಬಿಟ್ಟು ಕ್ರಯಪತ್ರ ಮಾಡಿಸಬೇಡಿ. ಹೊಸ ಬಡಾವಣೆಯಾದರೆ ಹೊಲ ಎನ್‌ಎ (ಕೃಷಿಯೇತರ ಜಮೀನು) ಆಗಿದೆಯೇ, ಲೇಔಟಿಗೆ ಮಂಜೂರಾತಿ ಇದೆಯೇ ನೋಡಿ.

ನನ್ನನ್ನು ಕೇಳಿದರೆ, ಮಸಾರಿ ನೆಲದಲ್ಲಿ ಗೋಡೆ ನೆಟ್ಟಗೆ ನಿಂತಿರುವ ಹಳೆಯ ಮನೆ ಜಾಗದ ಬೆಲೆಗೇ ಸಿಕ್ಕರೆ ಕೊಳ್ಳಿ, ಮಾಳಿಗೆ ಬದಲಿಸಿಕೊಳ್ಳಿ. ಮಾರುವವರು ತೇಗದ ತಲೆಬಾಗಿಲು ತೋರಿಸಿ ಬೆಲೆ ಏರಿಸಲು ನೋಡುತ್ತಾರೆ. ಬಾಗಿಲನ್ನು ಬೇಕಾದರೆ ನೀವೇ ಒಯ್ಯಿರಿ ಎನ್ನಿ.