ಸರಪಳಿ ಬಿಚ್ಚಿದ್ದು ವೈದ್ಯರಲ್ಲ, ವಾರ್ಡಿನವರು

ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಮನೋರೋಗಿಗಳ ಸರಪಳಿ ಬಿಚ್ಚಿಸಿದ ಕೀರ್ತಿ ಬಹುಕಾಲ ವೈದ್ಯ ಫಿಲಿಪ್ ಪಿನೆಲ್ ಅವರಿಗೆ ಸಂದಿತ್ತು. ನಿಜವಾಗಿ 1797ರಲ್ಲಿ ಅದನ್ನು ಮಾಡಿದವರು ವಾರ್ಡಿನ ಮೇಲ್ವಿಚಾರಕ ಜಾನ್ ಬಾಪ್ಟಿಸ್ಟ್ ಪ್ಯೂಸಾಂ. ಅಷ್ಟು ಹೊತ್ತಿಗೆ ಪಿನೆಲ್ ಬೇರೆ ಆಸ್ಪತ್ರೆಗೆ ಹೋಗಿಯಾಗಿತ್ತು. ಪ್ಯೂಸಾಂ ಗಂಡಮಾಲೆಯ ರೋಗಿಯಾಗಿ ಬಿಸೆತ್ರ್‌ಗೆ ಬಂದು, ಗುಣವಾಗಿ, ಅಲ್ಲೇ ಕೆಲಸಕ್ಕೆ ನಿಂತವರು. ರೋಗಿಗಳ ಮೇಲೆ ಕೈ ಮಾಡಕೂಡದೆಂದು ಕೆಲಸದವರಿಗೆ ಕಟ್ಟಪ್ಪಣೆ ಮಾಡಿದರು. ಚೇತರಿಸಿಕೊಂಡ ರೋಗಿಗಳನ್ನೇ ಆರೈಕೆಗೆ ನೇಮಿಸಿಕೊಂಡರು. ಪ್ಯೂಸಾಂ ಅವರಿಂದ ತಾನು ಕಲಿತದ್ದನ್ನು ಪಿನೆಲ್ ಅವರೇ ಬರೆದಿದ್ದಾರೆ. ಹಾಗೆಂದು ಕಟ್ಟುವುದು ಪೂರ್ತಿ ನಿಲ್ಲಲಿಲ್ಲ. ಸರಪಳಿಯ ಜಾಗಕ್ಕೆ ತೋಳು ಬಿಗಿಯುವ ಅಂಗಿ ಬಂತು.

ಆ ಅಂಗಿಯನ್ನೂ ಬೇಡವೆಂದವರು ಇಂಗ್ಲೆಂಡಿನ ಹ್ಯಾನ್‌ವೆಲ್ ಮನೋರೋಗ ಆಸ್ಪತ್ರೆಯ ವೈದ್ಯ ಜಾನ್ ಕೊನೊಲಿ, 1839ರಲ್ಲಿ. ಅವರ ವಾದ ನೇರವಾಗಿತ್ತು: ರೋಗಿಯನ್ನು ಕಟ್ಟಿಹಾಕುವುದೆಂದರೆ ಅವನನ್ನು ನೋಡಿಕೊಳ್ಳದೆ ಬಿಡುವುದು. ಕಟ್ಟು ಬಿಚ್ಚಬೇಕಾದರೆ ನೋಡಿಕೊಳ್ಳುವವರು ಹೆಚ್ಚಬೇಕು, ಅವರು ಒಳ್ಳೆಯವರಾಗಿರಬೇಕು.

ಈ ಎರಡನೆಯ ಮಾತನ್ನೇ ಮುಂದಿನ ಕಾಲ ಮರೆಯಿತು. ಆಸ್ಪತ್ರೆಗಳು ಕಿಕ್ಕಿರಿದವು. ಕಡಿಮೆ ಸಂಬಳಕ್ಕೆ ದಿನವಿಡೀ ದುಡಿಯುವ, ಯಾವ ತರಬೇತಿಯೂ ಇಲ್ಲದ ಜನರ ಕೈಗೆ ರೋಗಿಗಳು ಸಿಕ್ಕರು. ಆ ಕೆಲಸದವರ ಒರಟುತನವನ್ನು ನಾನು ಸಮರ್ಥಿಸುವುದಿಲ್ಲ, ಆದರೆ ಅದನ್ನು ಬೆಳೆಸಿದ್ದು ಆ ವ್ಯವಸ್ಥೆ. ತರಬೇತಿ ಬಂದದ್ದು ಆಮೇಲೆ: ಅಮೆರಿಕದ ಮೆಕ್ಲೀನ್ ಮನೋರೋಗ ಆಸ್ಪತ್ರೆ 1882ರಲ್ಲಿ ನರ್ಸಿಂಗ್ ಶಾಲೆ ತೆರೆಯಿತು. 1885ರಲ್ಲಿ ಬ್ರಿಟನ್ನಿನಲ್ಲಿ ಆರೈಕೆಯವರಿಗೆಂದೇ ಕೈಪಿಡಿ ಬಂತು.

1952ರಲ್ಲಿ ಕ್ಲೋರ್‌ಪ್ರೊಮಜಿನ್ ಎಂಬ ಔಷಧ ಮನೋರೋಗದ ಚಿಕಿತ್ಸೆಗೆ ಬಳಕೆಯಾಗತೊಡಗಿ ವಾರ್ಡುಗಳ ಗದ್ದಲ ತಗ್ಗಿತು. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆಯ ಭಾಗವೆಂದು ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್ ವಾದಿಸಿದ್ದೂ ಅದೇ ವರ್ಷ. ಮಾತ್ರೆ ಎಲ್ಲೆಡೆ ತಲುಪಿತು. ಪೆಪ್ಲಾವ್ ಹೇಳಿದ್ದಕ್ಕೆ ಮಾತ್ರ ಬಿಡುವಿರುವ ಮನುಷ್ಯರು ಬೇಕಿತ್ತು.

ಮುಂದೆ ಅನೇಕ ದೇಶಗಳಲ್ಲಿ ಹಾಸಿಗೆಗಳು ಕಡಿಮೆಯಾದವು. ತೀವ್ರ ಕಾಯಿಲೆಯವರಷ್ಟೇ ವಾರ್ಡಿನಲ್ಲಿ ಉಳಿಯತೊಡಗಿದರು. ಅಲ್ಲಿ ಪೆಟ್ಟು ತಿಂದ ಸಿಬ್ಬಂದಿಗೆ ಇಂದಿಗೂ ಸಿಗುವ ಉತ್ತರ, ‘ಈ ಕೆಲಸವೇ ಹಾಗೆ’. ಇದು ಅನ್ಯಾಯ. ರೋಗಿಗಳಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಎತ್ತುವುದಿಲ್ಲ. ಕೈ ಎತ್ತಿದಾಗಲೂ ಹಿಂದೆ ಬಹಳ ಸಲ ಒಂದು ಭಯವಿರುತ್ತದೆ, ಕಿವಿಯಲ್ಲಿ ಬೆದರಿಸುವ ದನಿಯಿರುತ್ತದೆ, ಇಲ್ಲವೇ ಕಾರಣ ಹೇಳದೆ ‘ಆಗಲ್ಲ’ ಎಂದ ಒಂದು ಉತ್ತರವಿರುತ್ತದೆ. ಇಂಗ್ಲೆಂಡಿನಲ್ಲಿ ಸಂಶೋಧಕ ಲೆನ್ ಬೌವರ್ಸ್ ತಂಡ 31 ವಾರ್ಡುಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ‘ಸೇಫ್‌ವಾರ್ಡ್ಸ್’ ಪ್ರಯೋಗ ಹಿಡಿದದ್ದು ಈ ಎಳೆಯನ್ನೇ: ಮೆದುವಾಗಿ ಮಾತನಾಡುವುದು, ಪರಸ್ಪರ ಪರಿಚಯ, ಕೆಟ್ಟ ಸುದ್ದಿ ಬಂದ ದಿನ ರೋಗಿಯ ಜೊತೆಗಿರುವುದು. ಘರ್ಷಣೆ ಸುಮಾರು ಶೇ 15ರಷ್ಟು, ಹಿಡಿದಿಡುವುದು, ಪ್ರತ್ಯೇಕ ಕೋಣೆಗೆ ಹಾಕುವಂಥ ಕ್ರಮಗಳು ಸುಮಾರು ಶೇ 26ರಷ್ಟು ಇಳಿದವು. ಇದನ್ನು ರಾತ್ರಿ ಪಾಳಿಯಲ್ಲೂ ನಡೆಸಬೇಕೆಂದರೆ ಕೊನೊಲಿ ಕೇಳಿದ್ದನ್ನೇ ಆಡಳಿತದವರು ಕೊಡಬೇಕಾಗುತ್ತದೆ: ಇನ್ನಷ್ಟು ಜನ.