ಶಂಕುಕೋಶದಲ್ಲಿ ಆಪ್ಸಿನ್: ಆಯ್ಕೆ, ತಯಾರಿ, ಸಾಗಣೆ

ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಕೋಶವೇ ಶಂಕುಕೋಶ. ಬೆಳಕು ಹೀರುವ ಅದರ ವರ್ಣಕದಲ್ಲಿ ಎರಡು ಭಾಗಗಳಿವೆ: ಆಪ್ಸಿನ್ ಎಂಬ ಪ್ರೋಟೀನು, ಅದರೊಳಗೆ ಕೂರುವ 11-ಸಿಸ್-ರೆಟಿನಾಲ್ಡಿಹೈಡ್ ಎಂಬ ವಿಟಮಿನ್ ಎ ಉತ್ಪನ್ನ. ಎರಡನೆಯದು ಎಸ್ (ಕಿರು ತರಂಗಾಂತರ), ಎಂ (ಮಧ್ಯಮ), ಎಲ್ (ದೀರ್ಘ) ಎಂಬ ಮೂರೂ ಬಗೆಯ ಶಂಕುಗಳಲ್ಲಿ ಒಂದೇ. ಯಾವ ತರಂಗಾಂತರ ಹೆಚ್ಚು ಹೀರಬೇಕೆಂದು ನಿರ್ಧರಿಸುವುದು ಆಪ್ಸಿನ್: ಎಸ್‌ಗೆ ಸುಮಾರು 420, ಎಂಗೆ 530, ಎಲ್‌ಗೆ 560 ನ್ಯಾನೊಮೀಟರ್.

ಹಾಗಾದರೆ ಒಂದು ಕೋಶ ಈ ಮೂರರಲ್ಲಿ ಒಂದನ್ನೇ ಏಕೆ ತಯಾರಿಸುತ್ತದೆ? ಭ್ರೂಣದ ಅಕ್ಷಿಪಟಲದಲ್ಲಿ ಮೊದಲು ಕಾಣಿಸುವುದು ಎಸ್ ಶಂಕುಗಳು. ಎಲ್ ಮತ್ತು ಎಂ ಆಮೇಲೆ. ಈ ತಿರುವನ್ನು ಕೊಡುವುದು ಥೈರಾಯ್ಡ್ ಹಾರ್ಮೋನು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಮಾನವ ಕಾಂಡಕೋಶಗಳಿಂದ ಪುಟ್ಟ ಅಕ್ಷಿಪಟಲಗಳನ್ನು ಬೆಳೆಸಿ ಇದನ್ನು 2018ರಲ್ಲಿ ತೋರಿಸಿತು. ಹಾರ್ಮೋನನ್ನು ಹಿಡಿಯುವ ಬೀಟಾ ಗ್ರಾಹಕ ಪ್ರೋಟೀನು ಇಲ್ಲವಾದರೆ ಶಂಕುಗಳೆಲ್ಲ ಎಸ್ ಆದವು. ಹಾರ್ಮೋನಿನ ಸಕ್ರಿಯ ರೂಪವಾದ ಟಿ3 ಬೇಗ ಸೇರಿಸಿದರೆ ಬಹುಪಾಲು ಎಲ್/ಎಂ ಆದವು.

ಎಲ್ ಮತ್ತು ಎಂ ನಡುವಿನ ಆಯ್ಕೆಯ ದಾರಿಯೇ ಬೇರೆ. ಇವೆರಡರ ಜೀನ್‌ಗಳು ಎಕ್ಸ್ ವರ್ಣತಂತುವಿನ ತುದಿಯಲ್ಲಿ ಒಂದರ ಹಿಂದೊಂದು ನಿಂತಿವೆ: ಮೊದಲು ಎಲ್, ನಂತರ ಒಂದೋ ಹೆಚ್ಚೋ ಎಂ. ಎಲ್ ಜೀನ್‌ಗೂ ಸುಮಾರು 3,500 ಬೇಸ್‌ಗಳಷ್ಟು ಮುಂಚೆ ಒಂದು ನಿಯಂತ್ರಕ ಡಿಎನ್‌ಎ ತುಣುಕಿದೆ. ಡಿಎನ್‌ಎ ಮಡಚಿಕೊಂಡಾಗ ಆ ತುಣುಕು ಒಂದು ಸಲಕ್ಕೆ ಒಂದೇ ಜೀನ್‌ನ ಪ್ರಮೋಟರ್‌ಗೆ (ಜೀನ್ ಓದುವಿಕೆ ಶುರುವಾಗುವ ಜಾಗ) ತಾಗಿ ಅದನ್ನು ಚಾಲೂ ಮಾಡುತ್ತದೆ. ಸಾಮಾನ್ಯವಾಗಿ ಕೆಲಸ ಮಾಡುವುದು ಸಾಲಿನ ಮೊದಲೆರಡು ಜೀನ್‌ಗಳು ಮಾತ್ರ. ಹಾಗಾಗಿ ಬಣ್ಣಗುರುಡಿನ ಲೆಕ್ಕ ಬಿಡಿಸುವಾಗ ಜೀನ್‌ಗಳ ಸಂಖ್ಯೆಗಿಂತ ಅವು ನಿಂತ ಜಾಗ ಮುಖ್ಯ. ಆ ತುಣುಕೇ ಕಳೆದುಹೋದರೆ ಜೀನ್‌ಗಳು ಸರಿಯಿದ್ದರೂ ಎಲ್, ಎಂ ಎರಡೂ ತಯಾರಾಗವು; ಉಳಿಯುವುದು ಎಸ್ ಶಂಕುಗಳು ಮತ್ತು ಮಂದ ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಷ್ಟೇ.

ಎಲ್ ಮತ್ತು ಎಂ ಪ್ರೋಟೀನುಗಳು ಸುಮಾರು ಶೇ 96ರಷ್ಟು ಒಂದೇ. 30 ನ್ಯಾನೊಮೀಟರ್ ಅಂತರದ ಬಹುಪಾಲು ಬರುವುದು ಪ್ರೋಟೀನಿನ ಸರಪಳಿಯಲ್ಲಿ 277 ಮತ್ತು 285ನೇ ಸ್ಥಾನದ ಅಮೈನೋ ಆಮ್ಲಗಳಿಂದ: ಎಲ್‌ನಲ್ಲಿ ಟೈರೋಸಿನ್, ಥ್ರಿಯೋನಿನ್, ಎಂನಲ್ಲಿ ಫಿನೈಲ್‌ಅಲನಿನ್, ಅಲನಿನ್. ಇಷ್ಟು ಹೋಲಿಕೆಯಿರುವ ಜೀನ್‌ಗಳು ಅಕ್ಕಪಕ್ಕದಲ್ಲಿದ್ದರೆ ಅಸಮ ಅಡ್ಡಹಾಯುವಿಕೆ (ವರ್ಣತಂತುಗಳು ತುಣುಕು ಬದಲಿಸಿಕೊಳ್ಳುವಾಗ ಹೊಂದಾಣಿಕೆ ತಪ್ಪುವುದು) ಸುಲಭ. ಕಲಬೆರಕೆ ಜೀನ್ ಹುಟ್ಟುತ್ತದೆ ಅಥವಾ ಒಂದು ಜೀನ್ ಹೋಗಿಬಿಡುತ್ತದೆ. ಕೆಂಪು-ಹಸಿರು ಬಣ್ಣಗುರುಡಿಗೆ ಮುಖ್ಯ ಕಾರಣ ಇದೇ. ಎಸ್ ಜೀನ್ 7ನೇ ವರ್ಣತಂತುವಿನಲ್ಲಿದೆ, ಆದ್ದರಿಂದ ಅದರ ದೋಷ ಗಂಡಸರು ಹೆಂಗಸರಲ್ಲಿ ಸಮನಾಗಿ ಬರುತ್ತದೆ.

ಆಪ್ಸಿನ್ ತಯಾರಾಗುವುದು ಕೋಶದ ಒಳಖಂಡದಲ್ಲಿ, ಒರಟು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪ್ರೋಟೀನು ತಯಾರಿಸುವ ಪೊರೆಯ ಮೇಲೆ. ಸರಪಳಿ ಪೊರೆಯನ್ನು ಏಳು ಸಲ ದಾಟಿ ಮಡಚಿಕೊಳ್ಳುತ್ತದೆ. ಎಲ್/ಎಂನಲ್ಲಿ 126 ಮತ್ತು 203ನೇ ಸಿಸ್ಟೀನ್‌ಗಳ ನಡುವಿನ ಡೈಸಲ್ಫೈಡ್ ಬಂಧ ಆ ಆಕಾರವನ್ನು ಬಿಗಿಹಿಡಿಯುತ್ತದೆ. 203ರಲ್ಲಿ ಅರ್ಜಿನಿನ್ ಬಂದರೆ ಬಂಧ ಕೂಡದು, ಪ್ರೋಟೀನು ಸರಿಯಾಗಿ ಮಡಚಿಕೊಳ್ಳದು. ರೆಟಿನಾಲ್ಡಿಹೈಡ್ ಅಂಟುವುದು 312ನೇ ಲೈಸಿನ್‌ಗೆ. ಪಠ್ಯಗಳಲ್ಲಿ ಕಾಣುವ 296 ದಂಡಕೋಶದ ರೊಡಾಪ್ಸಿನ್‌ನದು. ರೊಡಾಪ್ಸಿನ್ 348 ಅಮೈನೋ ಆಮ್ಲಗಳದ್ದು, ಎಲ್/ಎಂ 364. ಎಲ್/ಎಂನಲ್ಲಿ ಸರಪಳಿಯ ಆರಂಭದ ತುದಿ 16ರಷ್ಟು ಉದ್ದ. ಇಲ್ಲಿನ ಯಾವುದೇ ಸ್ಥಾನದಿಂದ 16 ಕಳೆದರೆ ರೊಡಾಪ್ಸಿನ್‌ನ ಸ್ಥಾನ ಸಿಗುತ್ತದೆ.

ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಗಾಲ್ಗಿಯನ್ನು ದಾಟಿದ ಆಪ್ಸಿನ್, ಒಳಖಂಡ ಹೊರಖಂಡಗಳನ್ನು ಜೋಡಿಸುವ ಸಿಲಿಯಮ್ ಎಂಬ ಕಿರಿದಾದ ದಾರಿಯ ಮೂಲಕ, ಬೆಳಕು ಹೀರುವ ಹೊರಖಂಡ ಸೇರುತ್ತದೆ. ಇಲ್ಲಿ ದಂಡಕೋಶಕ್ಕಿಂತ ಒಂದು ದೊಡ್ಡ ವ್ಯತ್ಯಾಸವಿದೆ. ಪಕ್ಕದ ವರ್ಣಕ ಎಪಿಥೀಲಿಯಮ್ ಎಂಬ ಕೋಶಪದರದಲ್ಲಿರುವ ಆರ್‌ಪಿಇ65 ಕಿಣ್ವ ಕೆಟ್ಟರೆ ರೆಟಿನಾಲ್ಡಿಹೈಡ್‌ನ 11-ಸಿಸ್ ರೂಪ ತಯಾರಾಗುವುದಿಲ್ಲ. ಆ ಕಿಣ್ವವಿಲ್ಲದ ಇಲಿಗಳ ದಂಡಕೋಶಗಳಲ್ಲಿ ಆಪ್ಸಿನ್ ಹೊರಖಂಡಕ್ಕೆ ತಲುಪುತ್ತದೆ. ಶಂಕುಗಳಲ್ಲಿ ಅದು ದಾರಿ ತಪ್ಪಿ ಒಳಭಾಗದಲ್ಲೇ ಶೇಖರವಾಗುತ್ತದೆ, ಶಂಕುಗಳು ಬೇಗ ಸಾಯುತ್ತವೆ.