ರಕ್ತದ ಗೊಡವೆಯೇ ಇಲ್ಲದ ಕೋರೆಹಲ್ಲಿನ ಜಿಂಕೆಗಳು

ಅಫ್ಘಾನಿಸ್ತಾನದಲ್ಲಿ 'ವ್ಯಾಂಪೈರ್ ಜಿಂಕೆ' ಪತ್ತೆಯಾಗಿದೆ ಎಂಬ ಸುದ್ದಿ 2014ರಲ್ಲಿ ಪತ್ರಿಕೆಗಳಲ್ಲೆಲ್ಲ ಓಡಾಡಿತು. ನೂರಿಸ್ತಾನದ ಬೆಟ್ಟಗಳಲ್ಲಿ ಕಂಡದ್ದು ಕಾಶ್ಮೀರಿ ಕಸ್ತೂರಿಮೃಗ. 1948ರ ನಂತರ ಆ ದೇಶದಲ್ಲಿ ಇದನ್ನು ಕಂಡ ಯಾವ ವಿಜ್ಞಾನಿಯೂ ಇರಲಿಲ್ಲ. 2008-09ರಲ್ಲಿ ಕಡಿದಾದ ಇಳಿಜಾರುಗಳನ್ನು ಹತ್ತಿದ ಸಮೀಕ್ಷಾ ತಂಡಕ್ಕೆ ಅದು ಐದು ಸಲ ಕಣ್ಣಿಗೆ ಬಿತ್ತು. ಅಷ್ಟೊಂದು ಯುದ್ಧಗಳ ನಡುವೆ ಒಂದು ಪ್ರಾಣಿ ಉಳಿದುಕೊಂಡದ್ದೇ ದೊಡ್ಡ ಸುದ್ದಿಯಾಗಬೇಕಿತ್ತು. ಜನರ ನೆನಪಿನಲ್ಲಿ ಉಳಿದದ್ದು ರಕ್ತಪಿಶಾಚಿಯ ಹೆಸರು. ಅದು ಈ ಬಡಪ್ರಾಣಿಗೆ ಆದ ಅನ್ಯಾಯವೆಂದೇ ನನಗನ್ನಿಸುತ್ತದೆ.

ಕಸ್ತೂರಿಮೃಗ ತಿನ್ನುವುದು ಎಲೆ, ಹುಲ್ಲು, ಮರದ ತೊಗಟೆಗೆ ಅಂಟಿದ ಕಲ್ಲುಹೂವು. ತುಟಿ ದಾಟಿ ಕೆಳಗಿಳಿಯುವ ಕೋರೆ ಇರುವುದು ಗಂಡಿಗೆ. ಬೆದೆಯ ಕಾಲದಲ್ಲಿ ಇನ್ನೊಂದು ಗಂಡಿನ ಜೊತೆ ಕಾದಾಡಲು ಅದೇ ಆಯುಧ, ಏಕೆಂದರೆ ಕೊಂಬಿಲ್ಲ. ಅಂದಹಾಗೆ ಇದು ನಿಜವಾದ ಜಿಂಕೆಯೂ ಅಲ್ಲ, ಇದರ ಕುಟುಂಬವೇ ಬೇರೆ.

ಜಿಂಕೆ ಕುಟುಂಬಕ್ಕೇ ಸೇರಿ, ಕೊಂಬಿಲ್ಲದೆ ಕೋರೆಯನ್ನೇ ನಂಬಿದ್ದು ಚೀನಾ ಮತ್ತು ಕೊರಿಯಾದ ನೀರುಜಿಂಕೆ. ಅದರ ಹಲ್ಲಿನ ಜೋಡಣೆ ಬೆರಗು ಹುಟ್ಟಿಸುತ್ತದೆ. ಕೋರೆ ದವಡೆಯಲ್ಲಿ ಗಟ್ಟಿಯಾಗಿ ಕೂತಿಲ್ಲ, ಕುಳಿಯೊಳಗೆ ಸ್ವಲ್ಪ ಸಡಿಲವಾಗಿದೆ. ಮೇಯುವಾಗ ಮುಖದ ಸ್ನಾಯುಗಳು ಅದನ್ನು ಹಿಂದಕ್ಕೆ ವಾಲಿಸುತ್ತವೆ, ಹುಲ್ಲು ಕೀಳಲು ಅಡ್ಡಿಯಾಗುವುದಿಲ್ಲ. ಎದುರಾಳಿ ಬಂದಾಗ ಅದೇ ಹಲ್ಲು ಮುಂದಕ್ಕೆ ಬರುತ್ತದೆ. ಏಟು ಬೀಳುವುದು ಮೇಲಿನಿಂದ ಕೆಳಕ್ಕೆ, ಎದುರಾಳಿಯ ತಲೆ, ಕತ್ತು, ಭುಜದ ಮೇಲೆ. ಕಚ್ಚುವುದಲ್ಲ, ಸೀಳುವುದು.

ಸುಮಾರು ಎರಡು ಕೋಟಿ ವರ್ಷಗಳ ಹಿಂದಿನ ಜಿಂಕೆಗಳ ಪಳೆಯುಳಿಕೆಗಳಲ್ಲಿ ಕೊಂಬು, ಕೋರೆ ಎರಡೂ ಸಿಗುತ್ತವೆ. ಕೊಂಬು ದೊಡ್ಡದಾಗುತ್ತ ಹೋದಂತೆ ಕೋರೆ ಕುಗ್ಗಿತು. ಯುರೋಪಿನ ಕೆಂಪುಜಿಂಕೆಯಲ್ಲಿ ಅದು ಮೊಂಡು ಗುಂಡಿಯಷ್ಟೇ ಉಳಿದಿದೆ. ನಮ್ಮ ಪಶ್ಚಿಮ ಘಟ್ಟದ ಕಾಡುಕುರಿ ಎಂಬ ಜಿಂಕೆಯಲ್ಲಿ ಎರಡೂ ಇವೆ: ಗಿಡ್ಡ ಕೊಂಬು, ಚಿಕ್ಕ ಕೋರೆ. ಅದೇ ಕಾಡಿನ ಬರ್ಕ ಎಂಬ ಪುಟ್ಟ ಪ್ರಾಣಿಗೆ (ಮೌಸ್ ಡಿಯರ್) ಕೊಂಬಿಲ್ಲ, ಗಂಡಿಗೆ ಕೋರೆ ಮಾತ್ರ.

ಇನ್ನು ರಕ್ತಪಿಶಾಚಿಯ ವಿಷಯ. 1725ರಲ್ಲಿ ಸೆರ್ಬಿಯಾದ ಕಿಸಿಲ್ಯೆವೋ ಹಳ್ಳಿಯ ಜನ ಪೀಟರ್ ಬ್ಲಾಗೊಯೆವಿಚ್ ಎಂಬ ರೈತನ ಗೋರಿ ಅಗೆಸಿದರು. ಅವನು ಸತ್ತ ಮೇಲೂ ಬಂದು ಜನರನ್ನು ಕೊಲ್ಲುತ್ತಿದ್ದಾನೆಂಬುದು ದೂರು. ಹೆಣ ಕೊಳೆತಿಲ್ಲ, ಬಾಯಲ್ಲಿ ಹಸಿ ರಕ್ತವಿದೆ ಎಂದು ಅಲ್ಲಿದ್ದ ಆಸ್ಟ್ರಿಯಾದ ಅಧಿಕಾರಿ ವರದಿ ಬರೆದ. ಕೋರೆಹಲ್ಲಿನ ಮಾತೇ ಅದರಲ್ಲಿಲ್ಲ. ಹೆಣ ಕೊಳೆಯುವಾಗ ಹುಟ್ಟುವ ಅನಿಲದ ಒತ್ತಡಕ್ಕೆ ಕೆಂಪು ದ್ರವ ಬಾಯಿಗೆ ಬರುತ್ತದೆಂದು ಇಂದು ಗೊತ್ತಿದೆ. ಪಿಶಾಚಿಗೆ ಉದ್ದನೆಯ ಹಲ್ಲು ತೊಡಿಸಿದ್ದು ಬಹುಮಟ್ಟಿಗೆ 19ನೇ ಶತಮಾನದ ಇಂಗ್ಲಿಷ್ ಕಥೆಗಾರರು, ಅದನ್ನು ಮನೆಮನೆಗೆ ಮುಟ್ಟಿಸಿದ್ದು ಸಿನಿಮಾ. ಕಥೆ ಹುಟ್ಟಿದ ಆ ಸೀಮೆಯ ಕಾಡುಗಳಲ್ಲಿ ಕೋರೆ ಚಾಚಿದ ಜಿಂಕೆ ಇರಲೇ ಇಲ್ಲ. ಎರಡಕ್ಕೂ ಗಂಟು ಹಾಕಿದ್ದು ಇತ್ತೀಚಿನ ತಲೆಬರಹಗಳು.

ಕಸ್ತೂರಿಮೃಗದ ಜೀವಕ್ಕೆ ಕುತ್ತು ತಂದದ್ದು ಕೋರೆಯೂ ಅಲ್ಲ. ಗಂಡಿನ ಹೊಕ್ಕುಳ ಹಿಂದಿನ ಚೀಲದಲ್ಲಿ ಸಿಗುವ ಸುಮಾರು 25 ಗ್ರಾಂ ಕಸ್ತೂರಿಗಾಗಿ ಕಳ್ಳಬೇಟೆಗಾರರು ಉರುಲು ಒಡ್ಡುತ್ತಾರೆ. ಉರುಲಿಗೆ ಗಂಡು ಹೆಣ್ಣು ಗೊತ್ತಾಗುವುದಿಲ್ಲ, ಕಸ್ತೂರಿಯೇ ಇಲ್ಲದ ಹೆಣ್ಣು, ಮರಿಗಳೂ ಸಾಯುತ್ತವೆ. ಅದರ ಪರಿಮಳದ ಮೂಲವಾದ ಮಸ್ಕೋನ್ ಅನ್ನು 1906ರಲ್ಲೇ ಬೇರ್ಪಡಿಸಿದರು, 1926ರಲ್ಲಿ ರಸಾಯನಶಾಸ್ತ್ರಜ್ಞ ಲಿಯೊಪೋಲ್ಡ್ ರುಜಿಚ್ಕಾ ಅದರ ರಚನೆ ಬಿಡಿಸಿಟ್ಟರು. ಸುಗಂಧದ್ರವ್ಯ ತಯಾರಕರು ಇಂದು ಬಹುಪಾಲು ಕೃತಕ ಕಸ್ತೂರಿಯನ್ನೇ ಬಳಸುತ್ತಾರೆ. ಪೂರ್ವ ಏಷ್ಯಾದ ಸಾಂಪ್ರದಾಯಿಕ ಔಷಧಿಗಳಿಗೆ ಮಾತ್ರ ಅಸಲಿ ಕಸ್ತೂರಿಯೇ ಬೇಕೆಂಬ ಬೇಡಿಕೆ ಈಗಲೂ ಇದೆ. ಹಿಮಾಲಯದಲ್ಲಿ ಉರುಲು ಒಡ್ಡುವುದು ನಿಲ್ಲದಿರಲು ಅದೇ ದೊಡ್ಡ ಕಾರಣ.